ಅಷ್ಟಭೋಗದೊಳಗಿನ ಜಲ: ಬಾಗಲಕೋಟೆ ಸೀಮೆಯಲ್ಲಿ ಊರ ನೀರು ಮತ್ತು ಒಡೆಯನ ಹಕ್ಕು

ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯ ಒಡೆತನವನ್ನು ಹೇಳುವ ಒಂದು ಸಿದ್ಧ ಪದಪುಂಜವಿದೆ: ಅಷ್ಟಭೋಗ ತೇಜಃಸ್ವಾಮ್ಯ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳ ಸಮೇತ ನೆಲವನ್ನು ಕೊಟ್ಟಿದೆ ಎಂಬುದು ಅದರ ತಾತ್ಪರ್ಯ. ಹೊಯ್ಸಳ, ವಿಜಯನಗರ ಕಾಲದ ಶಾಸನಗಳನ್ನು ಓದುವ ವಿದ್ಯಾರ್ಥಿಗಳಿಗೆ ಇದು ಮತ್ತೆಮತ್ತೆ ಎದುರಾಗುತ್ತದೆ. ಹಾಗಾಗಿಯೇ ಅದರ ಮೇಲೆ ಕಣ್ಣು ನಿಲ್ಲುವುದಿಲ್ಲ. ನಿಂತು ನೋಡಿದರೆ ಮೂರನೆಯ ಪದ ಜಲ. ನೆಲ ಪಡೆದವನಿಗೆ ಆ ನೆಲದ ನೀರೂ ಸ್ವತ್ತಾಗಿಯೇ ಸಲ್ಲುತ್ತದೆ. ಆದರೆ ಇದೇ ಶಾಸನ ಪರಂಪರೆಯ ಕೊನೆಯ ಭಾಗದಲ್ಲಿ, ಅಂದರೆ ಶಾಪಾಶಯದಲ್ಲಿ, ವಾರಣಾಸಿಯನ್ನು, ಕವಿಲೆಯನ್ನು ಅಳಿದ ಪಾಪದ ಸಾಲಿನಲ್ಲಿ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪವನ್ನು ಸೇರಿಸಿ ಹೇಳುವ ರೂಢಿಯಿದೆ. ನೀರು ಒಡೆಯನ ಭೋಗವೂ ಹೌದು, ಊರಿನವರೆಲ್ಲರ ಬಾಳೂ ಹೌದು.

ಈ ಎರಡು ಮಾತುಗಳ ನಡುವಣ ಬಿಗಿತವನ್ನು ಊರಿನ ಆಡಳಿತ ಹೇಗೆ ನಿಭಾಯಿಸಿತು ಎಂಬುದು ಈ ಲೇಖನದ ವಿಷಯ. ಮಲಪ್ರಭಾ, ಘಟಪ್ರಭಾ, ಕೃಷ್ಣೆಯರ ನಡುವೆ ಹರಡಿರುವ ಬಾದಾಮಿ, ಹುನಗುಂದ, ಇಳಕಲ್ಲು, ಬಾಗಲಕೋಟೆಗಳ ಸೀಮೆಯನ್ನು ಎದುರಿಗಿಟ್ಟುಕೊಂಡು ಇದನ್ನು ನೋಡಬಹುದು. ನೀರು ಯಾರದು ಎಂಬ ಪ್ರಶ್ನೆಯನ್ನು ನಾವು ಬಹಳ ಚರ್ಚಿಸಿದ್ದೇವೆ. ನೀರನ್ನು ಶುದ್ಧವಾಗಿ ಉಳಿಸುವ ಕಟ್ಟಳೆಯ ಬೆಲೆಯನ್ನು ಯಾರು ತೆರಬೇಕು ಎಂಬುದು ಅಷ್ಟು ಚರ್ಚೆಗೆ ಬಂದಿಲ್ಲ. ಚರಿತ್ರೆಯ ದೃಷ್ಟಿಯಿಂದ ಎರಡನೆಯದೇ ಹೆಚ್ಚು ತೂಕದ ಪ್ರಶ್ನೆಯೆಂದು ನನಗೆ ತೋರುತ್ತದೆ.

ದಂಡದಿಂದ ಕೊಡಗೆಗೆ

ಪ್ರಾಚೀನ ಭಾರತದ ಶಾಸ್ತ್ರಗ್ರಂಥಗಳು ಈ ಪ್ರಶ್ನೆಯನ್ನು ದಂಡದ ಮೂಲಕ ಎದುರಿಸಿದವು. ಕೌಟಿಲ್ಯನ ಅರ್ಥಶಾಸ್ತ್ರದ ನಾಗರಿಕ ಪ್ರಕರಣದಲ್ಲಿ ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ ದಂಡ, ರಾಜಮಾರ್ಗದಲ್ಲಾದರೆ ಇಮ್ಮಡಿ. ನೀರಿನ ಸ್ಥಳದಲ್ಲಿ, ಪುಣ್ಯಸ್ಥಾನದಲ್ಲಿ, ದೇವಾಲಯದಲ್ಲಿ ಮಲವಿಸರ್ಜನೆ ಮಾಡಿದವರಿಗೆ ಪಣದ ಲೆಕ್ಕದಲ್ಲಿ ಏರುತ್ತ ಹೋಗುವ ದಂಡವಿದೆ. ಗೃಹವಾಸ್ತುಕ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಮನೆಯಿಂದ ಹೊರಹರಿಯುವ ನೀರಿನ ದಾರಿ ನೆರೆಯವನ ಗೋಡೆಯಿಂದ ಇಷ್ಟು ದೂರವಿರಬೇಕೆಂದು ಅಳತೆ ಹೇಳಿ, ಮೀರಿದರೆ 54 ಪಣ ದಂಡ ವಿಧಿಸುತ್ತದೆ. ಮನೆ ನಿನ್ನದಾದರೂ ಅದರ ಬಚ್ಚಲು ನೀರು ನಿನ್ನೊಬ್ಬನದಲ್ಲ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಶ್ರಾವಕಾಚಾರದ ಗ್ರಂಥಗಳು ಇದೇ ಮಾತನ್ನು ವೃತ್ತಿಯ ಕಡೆಯಿಂದ ಹೇಳುತ್ತವೆ. ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರಕರ್ಮಗಳಲ್ಲಿ ಸರಃಶೋಷ, ಅಂದರೆ ಕೆರೆಕೊಳಗಳನ್ನು ಬತ್ತಿಸುವ ಕೆಲಸವೂ ಸೇರಿದೆ. ಹೀಗೆ ಒಂದು ಕಡೆ ರಾಜನ ದಂಡ, ಇನ್ನೊಂದು ಕಡೆ ವ್ರತಿಯ ಸ್ವಯಂನಿಯಮ.

ಕನ್ನಡದ ಶಾಸನಗಳು ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ತೋರಿಸುತ್ತವೆ. ಅದು ಊರಿನ ದಾರಿ. ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಕ್ರಿ.ಶ. 725ರ ಸುಮಾರಿಗೆ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನ, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ ಆಚಾರವ್ಯವಸ್ಥೆ ಪ್ರಸಿದ್ಧವಾದದ್ದು. ಊರಿನ ಹೆಸರಿನಲ್ಲೇ ಕೆರೆಯಿರುವ ಈ ಸ್ಥಳದ ಶಾಸನ ನೀರಿನ ಬಗೆಗಿನದಲ್ಲ. ಆದರೆ ಸ್ವತ್ತು ಮತ್ತು ಊರಿನ ಸಂಬಂಧವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಆಧಾರ ಅಪರೂಪ. ರಾಜಪುರುಷರು ಜನರ ಮನೆಗಳನ್ನು, ರಾಜದತ್ತಿಗಳನ್ನು, ಮರ್ಯಾದೆಯನ್ನು, ಅನುಭೋಗಿಸಿಕೊಂಡು ಬಂದುದನ್ನು ಕಾಯಬೇಕೆಂದು ಅದು ಮೊದಲು ಹೇಳುತ್ತದೆ. ಆಮೇಲೆ ಒಕ್ಕಲುಗಳ ಶಕ್ತಿಯನ್ನು ನೋಡಿ, ಮೇಲಿನವರಿಗೆ ಹೆಚ್ಚು, ಕೆಳಗಿನವರಿಗೆ ಕಡಿಮೆ ಎಂಬಂತೆ ತೆರಿಗೆಯನ್ನು ಗೊತ್ತುಮಾಡುತ್ತದೆ. ಮೊದಲು ಹಕ್ಕಿನ ರಕ್ಷಣೆ, ಆಮೇಲೆ ಹೊಣೆಯ ಹಂಚಿಕೆ ಎಂಬ ಈ ಕ್ರಮವೇ ಗಮನಾರ್ಹವಾದದ್ದು.

ಬಾದಾಮಿಯ ನೆರೆಯ ಸೂಡಿಯಲ್ಲಿ 11ನೆಯ ಶತಮಾನದ ನಡುಭಾಗದಲ್ಲಿ ಇಂಥದೇ ಇನ್ನೊಂದು ಘಟನೆ ನಡೆಯಿತು. ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಅಕ್ಕಾದೇವಿಯು ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಊರಿನ ವ್ಯವಸ್ಥೆಯನ್ನು ಮತ್ತೆ ಬರೆಸಿಕೊಟ್ಟಳು. ಚೋಳರ ದಾಳಿಯಲ್ಲಿ ಹಳೆಯ ಶಾಸನ ನಾಶವಾಗಿದ್ದುದೇ ಇದಕ್ಕೆ ಕಾರಣ. ಅದೇ ಶತಮಾನದಲ್ಲಿ ಸೂಡಿಯ ನಾಗಕುಂಡವೂ ಕಟ್ಟಲ್ಪಟ್ಟಿತು; ಒಳಗೋಡೆಯವರೆಗೂ ಕೆತ್ತನೆಯಿರುವ, ನೀರಿನತನಕ ಮೆಟ್ಟಿಲಿಳಿಯುವ ಕುಂಡವದು. ಎಂಬತ್ತು ಒಕ್ಕಲು ಎಂಬ ಮಾತನ್ನು ಗಮನಿಸಬೇಕು. ಮನೆಯೊಡೆಯರೇ ಊರಿನ ಆಡಳಿತದ ಘಟಕಗಳು. ಕಟ್ಟಳೆ ಮಾಡುವವನೂ ಕಟ್ಟಳೆಗೆ ಒಳಗಾಗುವವನೂ ಒಂದೇ ಬೀದಿಯಲ್ಲಿ ವಾಸಿಸುತ್ತಿದ್ದರು.

ಕೆರೆಯ ಪಾಲನೆಗೆ ಕರ್ನಾಟಕದ ಶಾಸನಗಳಲ್ಲಿ ಬರುವ ಪದಗಳು ಈ ಆಡಳಿತದ ಮನೋಧರ್ಮವನ್ನು ತಿಳಿಸುತ್ತವೆ: ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ, ದಶವಂದ. ಕೆರೆಯನ್ನು ಕಟ್ಟಿದವನಿಗೆ, ಹೂಳು ತೆಗೆದವನಿಗೆ, ಏರಿ ಕಾಯ್ದವನಿಗೆ ಕೆರೆಯ ಕೆಳಗೆ ಗದ್ದೆಯನ್ನೋ ಬೆಳೆಯ ಭಾಗವನ್ನೋ ಬಿಟ್ಟುಕೊಡುವ ಏರ್ಪಾಡುಗಳಿವು. ಊರ ನೀರಿಗಾಗಿ ಒಬ್ಬನು ಶ್ರಮಪಟ್ಟರೆ ಅಥವಾ ತನ್ನದನ್ನು ಬಿಟ್ಟರೆ ಅದರ ಪ್ರತಿಫಲ ಅದೇ ನೀರಿನ ಕೆಳಗೆ ಅವನಿಗೆ ದೊರೆಯುತ್ತಿತ್ತು. ಆ ಪ್ರತಿಫಲವನ್ನು ಕಲ್ಲಿನಲ್ಲಿ ಬರೆದು ಎಲ್ಲರೂ ಓಡಾಡುವಲ್ಲಿ ನಿಲ್ಲಿಸುತ್ತಿದ್ದರು. ದಂಡವಿಲ್ಲದೆ ಇರಲಿಲ್ಲ, ಆದರೆ ದಂಡದ ಜೊತೆಗೆ ಕೊಡಗೆಯೂ ಇತ್ತು.

ನೆಲದಡಿಯ ನೀರಿಗೆ ಒಡೆಯ

ಬ್ರಿಟಿಷ್ ಆಡಳಿತದಲ್ಲಿ ಈ ಸೀಮೆ ಮುಂಬಯಿ ಪ್ರಾಂತ್ಯದ ಭಾಗವಾಯಿತು. ಮೊದಲು ಕಲಾದಗಿ ಜಿಲ್ಲೆ, ಆಮೇಲೆ ವಿಜಾಪುರ ಜಿಲ್ಲೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯನ್ನು 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಲಾಯಿತು. ಆ ಕಾಯಿದೆಯ ಏಳನೆಯ ಕಲಮಿನ ದೃಷ್ಟಾಂತಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಗೊತ್ತಾದ ಕಾಲುವೆಯಲ್ಲಿ ಹರಿಯದ, ನೆಲದಡಿಯ ನೀರನ್ನೆಲ್ಲ ತನ್ನ ಮೇರೆಯೊಳಗೆ ಸಂಗ್ರಹಿಸಿ ಬಳಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ಭೂಮಾಲಿಕನಿಗೆ ಇದೆ ಎನ್ನುತ್ತದೆ ಒಂದು ದೃಷ್ಟಾಂತ. ತನ್ನ ನೆಲಕ್ಕೆ ಹರಿದೋ ಜಿನುಗಿಯೋ ಬರುವ ನೀರನ್ನು ಬೇರೆಯವರು ಅನುಚಿತವಾಗಿ ಕೆಡಿಸಬಾರದೆಂಬ ಹಕ್ಕೂ ಅವನಿಗಿದೆ ಎನ್ನುತ್ತದೆ ಇನ್ನೊಂದು. ಅಂದರೆ ನೀರಿನ ಪ್ರಮಾಣದ ವಿಷಯದಲ್ಲಿ ಒಡೆಯ ಸ್ವತಂತ್ರ, ನೀರಿನ ಗುಣದ ವಿಷಯದಲ್ಲಿ ನೆರೆಯವನಿಗೆ ಬದ್ಧ. ಅಷ್ಟಭೋಗದ ಜಲವು ಇಲ್ಲಿ ಹೊಸ ರೂಪದಲ್ಲಿ ಮರಳಿತು; ಊರು ಮಾತ್ರ ಮರಳಲಿಲ್ಲ. ಇದು ಒಡೆಯ ಮತ್ತು ಒಡೆಯರ ನಡುವಣ ವ್ಯಾಜ್ಯದ ಕಾನೂನು. ನೆಲವೇ ಇಲ್ಲದವನ ಕೊಡದ ನೀರು ಕೆಟ್ಟರೆ ಈ ದೃಷ್ಟಾಂತದಲ್ಲಿ ಅವನಿಗೆ ಜಾಗವಿಲ್ಲ.

ಆ ಜಾಗವನ್ನು ತುಂಬಬೇಕಾದದ್ದು ಪುರಸಭೆ. 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯಿದೆ, ಅನಂತರ 1964ರ ಕರ್ನಾಟಕ ಪುರಸಭೆಗಳ ಕಾಯಿದೆ, ಕೆಟ್ಟ ಬಾವಿ, ಕೊಳ, ಚರಂಡಿಗಳನ್ನು ಶುಚಿಮಾಡಿಸಲು, ಮುಚ್ಚಿಸಲು ಒಡೆಯನಿಗೆ ನೋಟಿಸು ಕೊಡುವ ಅಧಿಕಾರವನ್ನು ಪುರಸಭೆಗೆ ಕೊಟ್ಟವು. ಎಂಬತ್ತು ಒಕ್ಕಲಿನ ಸಮ್ಮತಿಯ ಜಾಗಕ್ಕೆ ನೋಟಿಸು ಬಂದಿತು. ಆದರೆ ನೋಟಿಸಿನಲ್ಲಿ ಕೊಡಗೆಯ ಮಾತಿರುವುದಿಲ್ಲ.

ಶುದ್ಧಿಯೆಂಬ ಎರಡಲಗಿನ ಪದ

ಹಳೆಯ ಊರಾಡಳಿತವನ್ನು ಹೀಗೆ ಹೊಗಳುವಾಗ ಎಚ್ಚರವೂ ಬೇಕು. ಮಹಾಜನರಲ್ಲಿ, ಸೆಟ್ಟಿಗಳಲ್ಲಿ, ಒಕ್ಕಲುಗಳಲ್ಲಿ ಸೇರದವರ ಕೇರಿಗಳು ಇದ್ದವು. ಅವರಿಗೆ ಊರ ಬಾವಿಯ ನೀರಿನ ಮೇಲೆ ಹಕ್ಕಿರಲಿಲ್ಲ. ಅದನ್ನು ನಿರಾಕರಿಸಲು ಬಳಸಿದ ಪದ ಶುದ್ಧಿ. ಇದರ ನ್ಯಾಯಾಂಗೀಯ ನಿರ್ಣಯವಾದದ್ದು ಇದೇ ಮುಂಬಯಿ ಪ್ರಾಂತ್ಯದ ಮಹಾಡದಲ್ಲಿ. ಸಾರ್ವಜನಿಕ ಬಾವಿ, ಕೆರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಬೋಳೆಯವರ ಠರಾವು 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಗೀಕಾರವಾಯಿತು. ಅದನ್ನನುಸರಿಸಿ ಮಹಾಡದ ಪುರಸಭೆ 1924ರಲ್ಲಿ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆಯಲು ನಿರ್ಣಯಿಸಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಜನ ಹೋಗಿ ಆ ಕೆರೆಯ ನೀರನ್ನು ಕುಡಿದರು. ಆಮೇಲೆ ಕೆರೆಗೆ 108 ಕೊಡಗಳ ಪಂಚಗವ್ಯದ ‘ಶುದ್ಧೀಕರಣ’ ನಡೆಯಿತು. ಕೆರೆಯ ಸುತ್ತ ಮನೆಗಳುಳ್ಳವರು ಅದು ತಮ್ಮ ಖಾಸಗಿ ಸ್ವತ್ತು ಎಂದು ದಾವೆ ಹೂಡಿದರು. ಕೆರೆ ಪುರಸಭೆಗೆ ಸೇರಿದ್ದು, ಇತರರನ್ನು ಹೊರಗಿಡುವ ಅನಾದಿ ರೂಢಿಯೆಂಬುದು ಸಾಬೀತಾಗಿಲ್ಲ ಎಂದು ಮುಂಬಯಿ ಹೈಕೋರ್ಟು 1937ರ ಮಾರ್ಚ್ 17ರಂದು ತೀರ್ಪಿತ್ತಿತು.

ಈ ಪ್ರಕರಣದ ತಿರುಳೇನು? ನೀರಿನ ಶುದ್ಧಿಯೂ ಸ್ವತ್ತಿನ ಹಕ್ಕೂ ಸದಾ ಎದುರಾಳಿಗಳೆಂದು ನಾವು ತಿಳಿದಿರುತ್ತೇವೆ. ಮಹಾಡದಲ್ಲಿ ಎರಡೂ ಒಂದೇ ಪಕ್ಷದಲ್ಲಿ ನಿಂತು ಮೂರನೆಯವನನ್ನು ಹೊರಗೆ ತಳ್ಳಿದವು. ಆದ್ದರಿಂದ ನೀರಿನ ಶುದ್ಧಿಯ ಹೆಸರಿನಲ್ಲಿ ಯಾವುದೇ ಕಟ್ಟಳೆ ಬಂದಾಗ ಅದು ಯಾವ ಬಗೆಯ ಶುದ್ಧಿ, ಅದರಿಂದ ಹೊರಗುಳಿಯುವವರು ಯಾರು ಎಂದು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

ಮೆಟ್ಟಿಲು ಬಾವಿ ಮತ್ತು ನಾರುಹುಣ್ಣು

ಶುದ್ಧಿಯ ಇನ್ನೊಂದು ಅರ್ಥ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ತಿಳಿಯಿತು. ಹಿರಿಯರು ನಾರುಹುಣ್ಣು ಎಂದು ಕರೆಯುತ್ತಿದ್ದ ರೋಗವನ್ನು ಇಂದಿನ ವಿದ್ಯಾರ್ಥಿಗಳು ಕಂಡಿಲ್ಲ. ಕಾಲಿನ ಚರ್ಮವನ್ನು ಸೀಳಿಕೊಂಡು ಒಂದು ಮೀಟರಿನವರೆಗೆ ಉದ್ದವಿರಬಹುದಾದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಎಳೆಯಬೇಕಿತ್ತು. ಬಿತ್ತನೆಯ ಕಾಲದಲ್ಲಿ ಕುಟುಂಬದ ದುಡಿಮೆಯ ಆಳೇ ಮಲಗಿದರೆ ವರ್ಷದ ಬೆಳೆಯೇ ಹೋದಂತೆ. ರೋಗಿಯು ನೀರಿಗಾಗಿ ಮೆಟ್ಟಿಲಿಳಿದು ಕಾಲನ್ನು ನೀರಿಗಿಟ್ಟಾಗ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ಸೈಕ್ಲಾಪ್ಸ್ ಎಂಬ ಪುಟ್ಟ ಜಲಜೀವಿ ಅವನ್ನು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವನಿಗೆ ಸುಮಾರು ಒಂದು ವರ್ಷದ ಬಳಿಕ ಹುಣ್ಣು ಏಳುತ್ತಿತ್ತು. ಸೂಡಿಯ ಕುಂಡದಂಥ ವಾಸ್ತುವಿನ ಸೊಬಗಿಗೆ ಕಾರಣವಾದ ಮೆಟ್ಟಿಲುಗಳೇ ರೋಗದ ದಾರಿಯೂ ಆಗಬಲ್ಲವಾಗಿದ್ದವು.

ಇದಕ್ಕೆ ಎರಡು ಪರಿಹಾರಗಳಿದ್ದವು. ಮೊದಲನೆಯದು ಬಟ್ಟೆ. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲೇ ಉಳಿಯುತ್ತದೆ. ಜಲವನ್ನು ಗಾಳಿಸಿ ಕುಡಿಯುವುದು ಶ್ರಾವಕರ ನಿತ್ಯಾಚಾರ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಸೇದಿದ ಅದೇ ಬಾವಿಗೆ ಹುಷಾರಾಗಿ ಮರಳಿ ಬಿಡಬೇಕೆಂಬುದು ಆ ಆಚಾರದ ಉಳಿದರ್ಧ. ಅದರ ಉದ್ದೇಶ ರೋಗನಿವಾರಣೆಯಲ್ಲ, ಅಹಿಂಸೆ. ಆದರೂ 1980ರ ದಶಕದಲ್ಲಿ ಸರ್ಕಾರದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಮನೆಮನೆಗೂ ಹೇಳಿದ್ದು ನೀರನ್ನು ಸೋಸಿ ಕುಡಿಯಿರಿ ಎಂದೇ. ಎರಡನೆಯದು ಬಾವಿಯನ್ನೇ ಬದಲಿಸುವುದು: ಮೆಟ್ಟಿಲ ದಾರಿಯನ್ನು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಹಗ್ಗದಿಂದ ಸೇದುವ ಬಾವಿಯಾಗಿಸುವುದು, ಅಥವಾ ಕೊಳವೆಬಾವಿಗೆ ಕೈಪಂಪು ಕೂರಿಸುವುದು. ಮೊದಲನೆಯದು ಮನೆಯ ಶಿಸ್ತು, ಎರಡನೆಯದು ಊರಿನ ಕೆಲಸ. ತಲೆಮಾರುಗಳಿಂದ ಇಳಿದು ನೀರು ತರುತ್ತಿದ್ದ ದಾರಿಯನ್ನು ಮುಚ್ಚುವುದು ಅನುಭೋಗದ ಮೊಟಕೇ ಸರಿ. ಆದರೆ ಮುಚ್ಚಿದ ಮೆಟ್ಟಿಲಿಗೆ ಬದಲಾಗಿ ಕೈಪಂಪು ಕಣ್ಣೆದುರಿಗೆ ಬಂದು ನಿಂತಿತು. ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಕಾಡಿದ್ದ ಈ ರೋಗದ ಕೊನೆಯ ಪ್ರಕರಣ ದೇಶದಲ್ಲಿ ವರದಿಯಾದದ್ದು 1996ರಲ್ಲಿ; 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ನಿರ್ಬಂಧವೂ ಅದರ ಪ್ರತಿಫಲವೂ ಒಂದೇ ಜಾಗದಲ್ಲಿ ಕಾಣಿಸಿಕೊಂಡರೆ ಜನ ಕಟ್ಟಳೆಯನ್ನು ತಮ್ಮದೆಂದು ಒಪ್ಪುತ್ತಾರೆಂಬುದಕ್ಕೆ ನಮ್ಮ ಕಾಲದ ದೊಡ್ಡ ನಿದರ್ಶನವಿದು.

ಇಂದಿನ ಮೂರು ಊರುಗಳು

ಬಾದಾಮಿಯ ಅಗಸ್ತ್ಯತೀರ್ಥದ ಪಡುವಣ ದಡದಲ್ಲಿ ಊರಿದೆ, ಮೂಡಣ ದಡದಲ್ಲಿ ಭೂತನಾಥ ಗುಡಿಗಳಿವೆ, ತೆಂಕಣ ಬೆಟ್ಟದಲ್ಲಿ ಗುಹೆಗಳಿವೆ. ನಾಲ್ಕನೆಯ ಗುಹೆಯ ಜಿನಬಿಂಬಗಳ ಮುಂದೆ ನಿಂತರೆ ಇಡೀ ಕೆರೆ ಕಾಣುತ್ತದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದ ಮನೆಯೊಡೆಯನು ಹೊಸದನ್ನು ಕಟ್ಟುವಂತಿಲ್ಲ. ಹಳೆಯದನ್ನು ದುರಸ್ತಿ ಮಾಡಿಸಲೂ ಅನುಮತಿ ಬೇಕು. ಇದು ಕಲ್ಲಿನ ರಕ್ಷಣೆಗಾಗಿ ಬಂದ ಕಾನೂನು, ನೀರಿನ ರಕ್ಷಣೆಗಾಗಿ ಅಲ್ಲ. ಆದರೂ ಅದರ ವ್ಯಾಖ್ಯೆಯೊಂದರಲ್ಲಿ ನೀರಿಗೆ ದಾರಿಯಿದೆ. ಚರಂಡಿಗಳ ನಿರ್ಮಾಣ, ದುರಸ್ತಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಪೂರೈಕೆಯ ಕಾಮಗಾರಿಗಳನ್ನು ಆ ಕಾಯಿದೆ ‘ನಿರ್ಮಾಣ’ವೆಂದು ಪರಿಗಣಿಸುವುದಿಲ್ಲ. ಅಂದರೆ ಕಾನೂನು ಮನೆಯೊಡೆಯನ ಕೈಯನ್ನು ಕಟ್ಟಿದೆ, ಪುರಸಭೆಯ ಕೈಯನ್ನು ಬಿಟ್ಟಿದೆ. ದಡದ ನಿವಾಸಿ ತನ್ನ ಸ್ವತ್ತಿನ ಹಕ್ಕಿನಲ್ಲಿ ಒಂದು ಪಾಲನ್ನು ಈಗಾಗಲೇ ಬಿಟ್ಟುಕೊಟ್ಟಿದ್ದಾನೆ. ಅವನ ಬಚ್ಚಲ ನೀರು ಕೆರೆಗೆ ಹೋಗದಂತೆ ಚರಂಡಿ ಕೊಡುವುದು ಅವನಿಗೆ ಸಲ್ಲಬೇಕಾದ ಕೊಡಗೆ.

ಇಳಕಲ್ಲಿನ ಪ್ರಶ್ನೆ ಬೇರೆಯದು. ಅಲ್ಲಿ ನೂಲಿಗೆ ಬಣ್ಣ ಹಾಕದೆ ಸೀರೆಯಿಲ್ಲ. ಅದ್ದಿದ ನೂಲನ್ನು ನೀರಿನಲ್ಲಿ ತೊಳೆಯದೆ ಬಣ್ಣ ನಿಲ್ಲದು. 1974ರ ಜಲಮಾಲಿನ್ಯ ತಡೆ ಕಾಯಿದೆ ಹಳ್ಳಕ್ಕಾಗಲಿ ಬಾವಿಗಾಗಲಿ ಮಲಿನ ನೀರನ್ನು ಬಿಡಬಾರದೆನ್ನುತ್ತದೆ. ಕಾಯಿದೆ ಸರಿಯಾದದ್ದೇ. ಆದರೆ ಹಿತ್ತಿಲಲ್ಲಿ ಎರಡು ಹಂಡೆಯಿಟ್ಟುಕೊಂಡು ಬಣ್ಣ ಕಾಸುವವನು ಬಣ್ಣದ ನೀರನ್ನು ಒಬ್ಬನೇ ತಿಳಿಮಾಡಲಾರ. ಸಾಮೂಹಿಕ ಶುದ್ಧೀಕರಣದ ಏರ್ಪಾಡಿಲ್ಲದೆ ಅವನ ಮೇಲೆ ಬರೀ ನಿಷೇಧ ಹೇರಿದರೆ ಕಸುಬು ನಿಲ್ಲುತ್ತದೆ, ನಿಷೇಧಿಸದಿದ್ದರೆ ನೆರೆಯ ಬಾವಿ ಕೆಡುತ್ತದೆ. ಹುನಗುಂದ ಭಾಗದ ಅಂತರ್ಜಲದಲ್ಲಿ ಫ್ಲೋರೈಡಿನ ತೊಂದರೆ ಮೊದಲೇ ಇರುವುದರಿಂದ ಚೆನ್ನಾಗಿರುವ ಒಂದು ಬಾವಿಯೂ ಕೆಡುವುದು ಇಲ್ಲಿ ಸಣ್ಣ ನಷ್ಟವಲ್ಲ.

ಬಾಗಲಕೋಟೆಯಂತೂ ನೀರಿಗಾಗಿ ಮನೆಯನ್ನೇ ಕೊಟ್ಟ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಪಟ್ಟಣದ ಭಾಗಗಳು ಮುಳುಗುವುದೆಂದು 1983ರ ಕಾಯಿದೆಯ ಮೂಲಕ ಪಟ್ಟಣಾಭಿವೃದ್ಧಿ ಪ್ರಾಧಿಕಾರ ರಚನೆಯಾಗಿ ನವನಗರ ಹುಟ್ಟಿತು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಸಮ್ಮತಿಸಿತು. ಎಲ್ಲೋ ಕೆಳಗಿನ ಹೊಲಗಳ ನೀರಿಗಾಗಿ ಇಲ್ಲಿಯವರು ಸ್ವತ್ತು ಬಿಟ್ಟರು. ಅಂಥವರಿಗೆ ತಮ್ಮೂರಿನ ನದಿಯನ್ನು ಚೊಕ್ಕಟವಾಗಿಡಿರೆಂದು ಉಪದೇಶಿಸುವ ಮೊದಲು, ಆ ನದಿಗೆ ಕೊಳಚೆ ಬಿಡುತ್ತಿರುವವರಾರೆಂದು ಕೇಳಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಮಲಿನ ನದೀಭಾಗಗಳಲ್ಲಿ 17 ಕರ್ನಾಟಕದವು. ಕೃಷ್ಣೆ, ಮಲಪ್ರಭೆಯರ ಪಾತ್ರಗಳೂ ಅದರಲ್ಲಿವೆ. ನದಿಗಳನ್ನು ಕೆಡಿಸುವುದರಲ್ಲಿ ದೊಡ್ಡ ಪಾಲು ಪಟ್ಟಣಗಳ ಶುದ್ಧೀಕರಿಸದ ಕೊಳಚೆಯದು. ಕಾವಲುಗಾರನಾಗಬೇಕಾದ ಸ್ಥಳೀಯ ಸಂಸ್ಥೆಯೇ ಇಲ್ಲಿ ಪ್ರತಿವಾದಿ. ಹಣವಿಲ್ಲವೆಂಬ ನೆವ ಪುರಸಭೆಗೆ ಒಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 1980ರಷ್ಟು ಹಿಂದೆಯೇ ರತ್ಲಾಂ ಪುರಸಭೆಯ ಪ್ರಕರಣದಲ್ಲಿ ಹೇಳಿದೆ.

ಅಳತೆಯೂ ಅಧಿಕಾರವೂ

ಇತ್ತೀಚಿನ ಕಾನೂನುಗಳು ನೀರಿನ ರಕ್ಷಣೆಯನ್ನು ಮೀಟರುಗಳಲ್ಲಿ ಅಳೆಯುತ್ತವೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಕರ್ನಾಟಕದ ಅಂತರ್ಜಲ ಕಾಯಿದೆ ಹೇಳುತ್ತದೆ. ಬೆಂಗಳೂರಿನ ಕೆರೆಗಳ ಸುತ್ತಣ ಮೀಸಲು ವಲಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 30 ಮೀಟರಿನಿಂದ 75 ಮೀಟರಿಗೆ ಏರಿಸಿತು. ನಗರ ಯೋಜನೆಯ ನಿಯಮವನ್ನು ಹಾಗೆ ಬದಲಿಸಲು ನ್ಯಾಯಮಂಡಳಿಗೆ ಅಧಿಕಾರವಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಕೆರೆಯ ಹಿತ ದೊಡ್ಡದೋ ಒಡೆಯರ ಹಿತ ದೊಡ್ಡದೋ ಎಂಬ ವಾದದ ಹಿಂದೆ ಇನ್ನೊಂದು ಪ್ರಶ್ನೆ ಇದ್ದುದನ್ನು ಈ ತೀರ್ಪು ಬಯಲಿಗೆ ತಂದಿತು: ಮೇರೆಯನ್ನು ಗೊತ್ತುಮಾಡಬೇಕಾದವರು ಯಾರು?

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಕುಡಿಯುವ ನೀರು, ನೈರ್ಮಲ್ಯಗಳನ್ನು ಪಂಚಾಯತಿ ಮತ್ತು ಪುರಸಭೆಗಳ ವಿಷಯಪಟ್ಟಿಗೆ ಸೇರಿಸಿವೆ. ಆದರೆ ಬಾದಾಮಿಯ ದಡದ ಅನುಮತಿ ಒಂದು ಕಚೇರಿಯದು, ಬಾಗಲಕೋಟೆಯ ನಿವೇಶನ ಇನ್ನೊಂದರದು, ಇಳಕಲ್ಲಿನ ಬಣ್ಣದ ನೀರು ಮತ್ತೊಂದರದು. ಕೆಲಸ ಊರಿನದು, ಅಧಿಕಾರ ಹಲವರದು. ಹೀಗಿರುವಾಗ ನಿರ್ಬಂಧ ಒಂದು ಕಡೆಯಿಂದ ಬರುತ್ತದೆ; ಅದಕ್ಕೆ ಪ್ರತಿಯಾಗಿ ಸಲ್ಲಬೇಕಾದದ್ದು ಯಾವ ಕಡೆಯಿಂದಲೂ ಬರುವುದಿಲ್ಲ.

ಸೂಡಿಯ ವ್ಯವಸ್ಥೆಯನ್ನು ಇಂದು ಹಾಗೆಯೇ ತರಲಾಗದು, ತರಬಾರದು ಕೂಡ. ಮಹಾಡ ಅದನ್ನು ನಮಗೆ ಕಲಿಸಿದೆ. ಇಂದಿನ ವಾರ್ಡು ಸಭೆಯಲ್ಲಿ, ಗ್ರಾಮಸಭೆಯಲ್ಲಿ ಒಕ್ಕಲುಗಳಷ್ಟೇ ಅಲ್ಲ, ಕೇರಿಯವರೂ ಬಾಡಿಗೆಯವರೂ ಕೂತು ಮಾತಾಡುವ ಹಕ್ಕುಳ್ಳವರು. ಹಳೆಯದರಿಂದ ತರಬಹುದಾದದ್ದು ಅದರ ಬರವಣಿಗೆಯ ಕ್ರಮವೊಂದನ್ನು. ಪುಲಿಗೆರೆಯ ಶಾಸನ ಮೊದಲು ಏನನ್ನು ಕಾಯುತ್ತೇವೆಂದು ಹೇಳಿ ಆಮೇಲೆ ಏನನ್ನು ಕೇಳುತ್ತೇವೆಂದು ಹೇಳಿತು. ಕೆರೆಗೊಡಗೆಯ ಕಲ್ಲುಗಳು ದುಡಿದವನಿಗೆ ದೊರೆಯುವುದನ್ನು ಕೆರೆಯ ಬಳಿಯೇ ಬರೆದು ನಿಲ್ಲಿಸಿದವು. ಅಗಸ್ತ್ಯತೀರ್ಥದ ದಡದಲ್ಲಿ ಇಂದಿರುವ ಫಲಕಗಳಿಗೆ ಇನ್ನೊಂದನ್ನು ಸೇರಿಸುವುದಾದರೆ, ನಿವಾಸಿ ಬಿಟ್ಟುಕೊಟ್ಟ ಹಕ್ಕು ಯಾವುದು, ಅದಕ್ಕೆ ಪ್ರತಿಯಾಗಿ ಪುರಸಭೆ ಕಟ್ಟಿಕೊಡಬೇಕಾದ ಚರಂಡಿ ಯಾವುದು, ಅದು ಮುಗಿಯಬೇಕಾದ ವರ್ಷ ಯಾವುದು ಎಂಬುದನ್ನು ಕನ್ನಡದಲ್ಲಿ ಬರೆಸಬೇಕು.